ಮಲೆನಾಡಿನ ಹುತ್ತದ ಅಣಬೆ

ಮಲೆನಾಡಿನ ಅಡಕೆ ಬೆಳೆಗಾರರಿಗೆ ಬೂಷ್ಟು ಎಂದೊಡನೆ ಮೊದಲು ನೆನಪಿಗೆ ಬರುವುದು ಕೊಳೆರೋಗ. ಮೈಸೂರು ಸಂಸ್ಥಾನದ ವ್ಯವಸಾಯ ಇಲಾಖೆಯಲ್ಲಿದ್ದ ಲೆಸ್ಲಿ ಕೋಲ್ಮನ್ನರು ಆ ರೋಗವನ್ನು ಕುರಿತು ೧೯೧೦ರಲ್ಲಿ ಪ್ರಕಟಿಸಿದ ಬರವಣಿಗೆಯಿಂದ ಮೊದಲುಗೊಂಡು ಇಂದಿನವರೆಗೂ ಗೊನೆಗಳಿಗೆ ಬೋರ್ಡೋ ದ್ರಾವಣವನ್ನು ಸಿಂಪಡಿಸುವುದು ಮಳೆಗಾಲದ ಒಂದು ದೊಡ್ಡ ಕೆಲಸವಾಗಿಯೇ ಉಳಿದಿದೆ. ಈಚಿನ ಶಾಸ್ತ್ರಜ್ಞರು ಕೊಳೆರೋಗದ ಜೀವಿಯನ್ನು ನಿಜವಾದ ಶಿಲೀಂಧ್ರಗಳ ಪಂಗಡದಿಂದ ಬೇರ್ಪಡಿಸಿ ಬೇರೊಂದು ಪಂಗಡಕ್ಕೆ ಸೇರಿಸಿರುವರು. ರೈತನ ಲೆಕ್ಕದಲ್ಲಿ ಮಾತ್ರ ನಷ್ಟವು ನಷ್ಟವೇ ಆಗಿದೆ. ಆದರೆ ತೋಟದಲ್ಲಿ ಕಾಯಿಯನ್ನು ಉದುರಿಸುವ ಅದೇ ಮಳೆ, ಅದೇ ತೇವ, ಅದೇ ಮಬ್ಬುಗಾಳಿಯು ತೋಟದ ಮೇಲಣ ಬೆಟ್ಟದಲ್ಲಿ ಮತ್ತೊಂದು ಬಗೆಯ ಬೂಷ್ಟನ್ನು ಎಬ್ಬಿಸಿ ಮನೆಯ ಅಡಿಗೆಗೆ ಒದಗಿಸಿಕೊಡುವುದು. ಅದೇ ಅಣಬೆ.

ಕನ್ನಡದಲ್ಲಿ ಅಣಬೆಯೆಂದೂ, ತುಳುವಿನಲ್ಲಿ ಲಾಂಬು ಎಂದೂ, ಕೊಡವರ ಮಾತಿನಲ್ಲಿ ಕುಮ್ಮು ಎಂದೂ ಕರೆಯಿಸಿಕೊಳ್ಳುವ ಈ ವಸ್ತುವಿಗೆ ನಮ್ಮ ಜನರಲ್ಲಿ ಇನ್ನೊಂದು ಹೆಸರೂ ಇದೆ: ನಾಯಿಕೊಡೆ. ಮನುಷ್ಯರು ತಿನ್ನತಕ್ಕದ್ದು ಅಣಬೆ, ಬಿಡತಕ್ಕದ್ದು ನಾಯಿಕೊಡೆ ಎಂಬ ಭೇದವನ್ನು ಹಳ್ಳಿಯವರು ಸಾಮಾನ್ಯವಾಗಿ ಈ ಎರಡು ಶಬ್ದಗಳಿಂದಲೇ ತೋರಿಸುವರು. ಭೇದವು ಮಾತಿನಲ್ಲಿ ಸುಲಭವಾಗಿದೆ. ಕಾಡಿನಲ್ಲಿ ಅಷ್ಟು ಸುಲಭವಾಗಿಲ್ಲ. ಒಂದು ಬುಟ್ಟಿ ಅಣಬೆಯನ್ನು ಮನೆಗೆ ತರುವ ಕುಟುಂಬದ ಕ್ಷೇಮವೆಲ್ಲವೂ ಆ ಭೇದವನ್ನು ಬಲ್ಲ ಒಬ್ಬರ ಕಣ್ಣಿನ ಮೇಲೆ ನಿಂತಿರುವುದು. ಮಕ್ಕಳು ಓದಿಗಾಗಿಯೂ ಉದ್ಯೋಗಕ್ಕಾಗಿಯೂ ಪಟ್ಟಣ ಸೇರುತ್ತಿರುವ ಮನೆಗಳಲ್ಲಿ ಅಂತಹ ಕಣ್ಣುಗಳು ಕಡಿಮೆಯಾಗುತ್ತ ಬಂದಿರುವುದರಿಂದ ಈ ವಿಷಯವನ್ನು ಸ್ವಲ್ಪ ವಿಸ್ತಾರವಾಗಿ ವಿವರಿಸುವುದು ಅವಶ್ಯವೆಂದು ತೋರುತ್ತದೆ.

ಧರ್ಮಶಾಸ್ತ್ರಗಳು ಅಣಬೆಯನ್ನು ಬೆಳ್ಳುಳ್ಳಿ ನೀರುಳ್ಳಿಗಳೊಡನೆ ನಿಷಿದ್ಧ ವಸ್ತುಗಳಲ್ಲಿ ಎಣಿಸಿರುವುವು. ಮನುಸ್ಮೃತಿಯಲ್ಲಿ ಈ ನಿಷೇಧವು ಕಾಣಬರುತ್ತದೆ. ಆದುದರಿಂದ ಕೆಲವು ಮನೆಗಳಲ್ಲಿ ಅದಕ್ಕೆ ಪ್ರವೇಶವಿಲ್ಲ. ಪ್ರವೇಶವಿರುವ ಮನೆಗಳಲ್ಲಾದರೋ ಅದಕ್ಕೆ ಸಲ್ಲುವ ಮರ್ಯಾದೆಯು ಮಾಂಸಕ್ಕೆ ಸಲ್ಲುವುದಕ್ಕಿಂತ ಕಡಿಮೆಯಾದುದಲ್ಲ.

ಗೆದ್ದಲಿನ ತೋಟ

ಮಲೆನಾಡಿನಲ್ಲಿ ಜನರು ಅತ್ಯಾದರದಿಂದ ಹುಡುಕುವುದು ಹುತ್ತದ ಅಣಬೆಯನ್ನು. ಇದು ಗಿಡವಲ್ಲ, ಬೇರಿಲ್ಲ, ಬೀಜವಿಲ್ಲ. ಹಾಗಿದ್ದರೂ ಇದು ತಾನಾಗಿ ಹುಟ್ಟಿದುದೆಂದು ಹೇಳಲೂ ಆಗದು. ಇದು ಒಂದು ಬೇಸಾಯದ ಫಲ, ಬೇಸಾಯಗಾರರು ಗೆದ್ದಲುಗಳು.

ಗೆದ್ದಲು ಮರವನ್ನೂ ತರಗೆಲೆಯನ್ನೂ ತಿನ್ನುವುದೆಂಬುದು ಎಲ್ಲರಿಗೂ ತಿಳಿದ ಸಂಗತಿ. ಆದರೆ ನಮ್ಮ ಹೊಲದ ಬದುಗಳಲ್ಲಿಯೂ ಬೆಟ್ಟಗಳಲ್ಲಿಯೂ ಹುತ್ತವನ್ನು ಕಟ್ಟುವ ಒಡಾಂಟೊಟರ್ಮಿಸ್ ಎಂಬ ಕುಲದ ಗೆದ್ದಲು ತಾನು ತಿಂದ ಮರದ ನಾರನ್ನು ಒಂದೇ ಸಲಕ್ಕೆ ಪೂರ್ತಿಯಾಗಿ ಅರಗಿಸಿಕೊಳ್ಳಲಾರದು. ಅರೆ ಜೀರ್ಣವಾದ ಪದಾರ್ಥವನ್ನು ಅದು ಹುತ್ತದೊಳಗಿನ ಕೋಣೆಗಳಲ್ಲಿ ಸಣ್ಣ ಸಣ್ಣ ಉಂಡೆಗಳಾಗಿ ಹಾಕಿ, ಅವುಗಳನ್ನು ಒತ್ತಿ, ತೂತುತೂತಾದ ಹಲ್ಲೆಗಳನ್ನು ಕಟ್ಟುವುದು. ನೋಡುವುದಕ್ಕೆ ಈ ಹಲ್ಲೆಗಳು ಜೇನುಹುಟ್ಟಿನ ಚೂರುಗಳಂತೆಯೇ ಇರುವುವು. ಇವುಗಳ ಮೇಲೆ ಒಂದು ಬಗೆಯ ಬೂಷ್ಟು ಹಬ್ಬಿ, ಗೆದ್ದಲಿನಿಂದ ಆಗದ ಕೆಲಸವನ್ನು ತಾನು ಮಾಡಿ, ನಾರನ್ನು ಮೃದುಗೊಳಿಸುವುದಲ್ಲದೆ ಸಾಸಿವೆಗಿಂತ ಚಿಕ್ಕದಾದ ಬಿಳಿಯ ಗುಂಡುಗಳನ್ನು ಹೊರಪಡಿಸುವುದು. ಆ ಗುಂಡುಗಳೂ, ಹಳೆಯದಾದ ಹಲ್ಲೆಯೂ ಗೆದ್ದಲಿನ ಆಹಾರ. ಈ ಪರಸ್ಪರ ಸಹಾಯವು ಸುಮಾರು ಮೂರು ಕೋಟಿ ವರ್ಷಗಳ ಹಿಂದೆ ಆಫ್ರಿಕಾ ಖಂಡದಲ್ಲಿ ಮೊದಲಾಯಿತೆಂದು ಶಾಸ್ತ್ರಜ್ಞರು ಲೆಕ್ಕಹಾಕಿರುವರು. ಮನುಷ್ಯನು ಬಿತ್ತಿ ಬೆಳೆಯುವುದನ್ನು ಕಲಿತು ಹತ್ತು ಹನ್ನೆರಡು ಸಾವಿರ ವರ್ಷಗಳಾಗಿರಬಹುದು. ಒಕ್ಕಲುತನದಲ್ಲಿ ಹಿರಿಯರು ಯಾರೆಂಬುದು ಇದರಿಂದ ಸ್ಪಷ್ಟವಾಗುವುದು.

ಈ ಬೂಷ್ಟಿನ ಕುಲಕ್ಕೆ ಫ್ರಾನ್ಸ್ ದೇಶದ ರೋಜೆ ಹೈಮ್ ಎಂಬ ವಿದ್ವಾಂಸರು ೧೯೪೨ರಲ್ಲಿ ಟರ್ಮಿಟೊಮೈಸಿಸ್ ಎಂದು ಹೆಸರಿಟ್ಟರು. ದಕ್ಷಿಣ ಭಾರತದಲ್ಲಿ ದೊರೆಯುವ ಒಂದು ಜಾತಿಯನ್ನು ೧೯೭೯ರಲ್ಲಿ ವರ್ಣಿಸಿದಾಗ ಅದಕ್ಕೆ ಅವರ ಹೆಸರನ್ನೇ ಇಡಲಾಯಿತು. ಗಾತ್ರದಲ್ಲಿ ಈ ಕುಲದ ಅಣಬೆಗಳು ಬಹಳ ಭಿನ್ನವಾಗಿರುವುವು. ಆಫ್ರಿಕಾದ ಜಾಂಬಿಯಾ ದೇಶದಲ್ಲಿ ಬೆಳೆಯುವ ಒಂದು ಜಾತಿಯ ಕೊಡೆ ಸುಮಾರು ಮೂರು ಅಡಿ ಅಗಲವಾಗುವುದುಂಟು. ನಮ್ಮಲ್ಲಿ ದೊರೆಯುವ ಅತಿ ಚಿಕ್ಕದು ಅಂಗುಲದ ಅಗಲಕ್ಕೂ ಕಡಿಮೆ. ಈ ಚಿಕ್ಕ ಅಣಬೆಯು ಏಳುವ ಬಗೆಯೇ ಬೇರೆ. ಗೆದ್ದಲುಗಳು ಹಲ್ಲೆಯ ಚೂರುಗಳನ್ನು ಹೊರಗೆ ತಂದು ನೆಲದ ಮೇಲೆ ಹರಡುವುವು. ಆ ಚೂರುಗಳಿಂದ ನೂರಾರು ಪುಟ್ಟ ಅಣಬೆಗಳು ನುಚ್ಚನ್ನು ಚೆಲ್ಲಿದಂತೆ ಒಮ್ಮೆಗೇ ಏಳುವುವು. ಕೊಡಗಿನಲ್ಲಿ ಇದನ್ನು ನುಚ್ಚು ಕುಮ್ಮು ಎನ್ನುವರು. ಹೆಸರನ್ನಿಟ್ಟವರು ನೋಡಿಯೇ ಇಟ್ಟಿರುವರು.

ದೊಡ್ಡ ಜಾತಿಗಳಲ್ಲಿ ಅಣಬೆಯ ಕಾಲು ಹುತ್ತದೊಳಗಿನ ಹಲ್ಲೆಯಿಂದಲೇ ಹೊರಟು, ಬೇರಿನಂತೆ ಸಪೂರವಾಗಿ, ಒಂದಡಿ ಎರಡಡಿ ಮಣ್ಣನ್ನು ಕೊರೆದು ಮೇಲಕ್ಕೆ ಬರುವುದು. ಗಟ್ಟಿಮಣ್ಣನ್ನು ತಿವಿದು ಬರಬೇಕಾದುದರಿಂದ ಕೊಡೆಯ ನೆತ್ತಿಯಲ್ಲಿ ಗಡುಸಾದ ಒಂದು ಮೊನೆಯಿರುವುದು. ಕೊಡೆ ಅರಳಿದ ಮೇಲೂ ಆ ಮೊನೆಯು ನಡುವೆ ಗುಬ್ಬಿಯಂತೆ ಉಳಿಯುವುದು. ಉದ್ದವಾದ ಹುಸಿಬೇರು, ನೆತ್ತಿಯ ಮೊನೆ, ಕೆಳಗೆ ಜೀವಂತವಾದ ಗೆದ್ದಲಿನ ಗೂಡು, ಈ ಮೂರೂ ಒಟ್ಟಾಗಿ ಕಂಡರೆ ಹುತ್ತದ ಅಣಬೆಯೆಂದು ಗುರುತಿಸಲು ಬಹುಮಟ್ಟಿಗೆ ಆಧಾರ ದೊರೆತಂತೆ. ಗೆದ್ದಲು ಸತ್ತುಹೋದ ಅಥವಾ ಬಿಟ್ಟುಹೋದ ಗೂಡಿನಲ್ಲಿ ಈ ಅಣಬೆ ಏಳುವುದಿಲ್ಲ. ಅಂತಹ ಗೂಡಿನ ಹಲ್ಲೆಯ ಮೇಲೆ ಕ್ಸೈಲೇರಿಯ ಎಂಬ ಬೇರೆ ಬೂಷ್ಟು ಹಬ್ಬಿ, ಸುಟ್ಟ ಕಡ್ಡಿಗಳಂತಹ ಕಪ್ಪು ಬೆರಳುಗಳನ್ನು ಮೇಲಕ್ಕೆ ಕಳುಹಿಸುವುದು. ಬೇಸಾಯಗಾರನಿಲ್ಲದ ಹೊಲದಲ್ಲಿ ಕಳೆ ಬೆಳೆದಂತೆ ಇದು.

ಮನೆಮಂದಿಯ ಹುಡುಕಾಟ

ಮುಂಗಾರಿನ ಮೊದಲ ಮಳೆಗಳಲ್ಲಿ ಒಮ್ಮೆ, ಆ ಬಳಿಕ ಜಡಿಮಳೆಯು ಸಡಿಲವಾಗಿ ಬಿಸಿಲೂ ಹನಿಯೂ ಸರದಿಯಂತೆ ಬರತೊಡಗಿದಾಗ ಮತ್ತೊಮ್ಮೆ ಅಣಬೆಗಳು ಏಳುವುವು. ಎರಡನೆಯ ಸುಗ್ಗಿಯು ಗೌರಿಹಬ್ಬದ ಸುಮಾರಿಗೆ ಮೊದಲಾಗಿ ಉತ್ತರೆ, ಹಸ್ತ ಮಳೆಗಳನ್ನು ದಾಟಿ ಶರದೃತುವಿನವರೆಗೂ ಮುಂದುವರಿಯುವುದುಂಟು. ಆಗ ನಾಟಿಯ ಕೆಲಸ ಮುಗಿದಿರುವುದು, ಕೊಯಿಲಿಗೆ ಇನ್ನೂ ಸಮಯವಿರುವುದು, ಮಕ್ಕಳಿಗೆ ದಸರೆಯ ರಜೆಯಿರುವುದು. ಇಡೀ ಮನೆಯವರು ಒಟ್ಟಾಗಿ ಬೆಟ್ಟಕ್ಕೆ ಹೋಗುವುದಕ್ಕೆ ಇದಕ್ಕಿಂತ ಅನುಕೂಲವಾದ ಕಾಲ ಬೇರೊಂದಿಲ್ಲ.

ಗುಡುಗಿದ ಮಾರನೆಯ ದಿನ ಅಣಬೆ ಏಳುವುದೆಂಬ ನಂಬಿಕೆ ಎಲ್ಲೆಲ್ಲಿಯೂ ಇದೆ. ಗುಡುಗಿನೊಡನೆ ಬರುವ ಮಳೆಯೂ, ಮಳೆಯ ಅನಂತರದ ಸೆಕೆಯೂ ಅಣಬೆಗೆ ಬೇಕಾದ ತೇವವನ್ನೂ ಶಾಖವನ್ನೂ ಒದಗಿಸುವುವೆಂಬುದು ಇದಕ್ಕೆ ಸರಳವಾದ ಸಮಾಧಾನ. ಜಪಾನಿನ ಇವಾಟೆ ವಿಶ್ವವಿದ್ಯಾನಿಲಯದವರು ಅಣಬೆ ಬೆಳೆಯುವ ಮರದ ತುಂಡುಗಳಿಗೆ ಅತಿ ಹೆಚ್ಚಿನ ಒತ್ತಡದ ವಿದ್ಯುತ್ತನ್ನು ಕ್ಷಣಕಾಲ ಹಾಯಿಸಿ, ಫಸಲು ಹೆಚ್ಚಾದುದನ್ನು ಕಂಡಿರುವರು. ಅಷ್ಟರಿಂದಲೇ ನಮ್ಮ ಅಜ್ಜಂದಿರ ಮಾತು ಸಿದ್ಧವಾಯಿತೆಂದು ಹೇಳಲಾಗದು. ಆದರೆ ಅದನ್ನು ನಗೆಯಾಡಿ ತಳ್ಳಿಹಾಕುವುದಕ್ಕೂ ಕಾರಣವಿಲ್ಲ.

ಹುಡುಕಲು ಹೊರಡಬೇಕಾದುದು ಬೆಳಗಿನ ಹೊತ್ತು. ಅರಳಿದ ಅಣಬೆಗೆ ಒಂದೇ ದಿನದಲ್ಲಿ ಹುಳು ಬೀಳುವುದು; ಎರಡನೆಯ ದಿನಕ್ಕೆ ಕೊಡೆ ಸೀಳಿ, ಮೂರನೆಯ ದಿನಕ್ಕೆ ಕರಗಿಹೋಗುವುದು. ಮೊಗ್ಗಾಗಿರುವುದೂ ಅರೆ ಬಿರಿದಿರುವುದೂ ಅಡಿಗೆಗೆ ಉತ್ತಮ. ಹುತ್ತವಿರುವ ಸ್ಥಳಗಳನ್ನು ಹಿರಿಯರು ಬಲ್ಲರು. ಸೊಪ್ಪಿನಬೆಟ್ಟದ ಅಂಚು, ಬಾಣೆಯ ಇಳಿಜಾರು, ಕುಮ್ಕಿಯ ದರೆ, ಗದ್ದೆಯ ಹಿರಿಯ ಬದು ಮೊದಲಾದವುಗಳಲ್ಲಿ ಹಿಂದಿನ ವರ್ಷ ಎದ್ದ ಕಡೆಯಲ್ಲಿಯೇ ಈ ವರ್ಷವೂ, ಹೆಚ್ಚುಕಡಿಮೆ ಅದೇ ವಾರದಲ್ಲಿಯೇ, ಅಣಬೆ ಏಳುವುದು ವಾಡಿಕೆ. ಆದುದರಿಂದಲೇ ಈ ಸ್ಥಳಗಳನ್ನು ಒಂದು ಮನೆಯವರು ಇನ್ನೊಂದು ಮನೆಯವರಿಗೆ ಹೇಳುವುದಿಲ್ಲ. ಬೆಲ್ಲ, ಬಿತ್ತನೆಯ ಭತ್ತ, ಕೊನೆಗೆ ಎತ್ತನ್ನು ಕೂಡ ಕಡ ಕೊಡುವ ನೆರೆಯವರು ಅಣಬೆಯ ಸ್ಥಳವನ್ನು ಮಾತ್ರ ಮುಚ್ಚಿಡುವರು. ಇದನ್ನು ಯಾರೂ ತಪ್ಪೆಂದು ಎಣಿಸುವುದೂ ಇಲ್ಲ.

ಮಕ್ಕಳ ಕಣ್ಣು ನೆಲಕ್ಕೆ ಹತ್ತಿರವಾಗಿರುವುದರಿಂದ ತರಗೆಲೆಯ ಅಡಿಯಲ್ಲಿ ಉಬ್ಬಿದ ಮಣ್ಣನ್ನು ಅವರೇ ಮೊದಲು ಕಾಣುವರು. ಕಂಡುದನ್ನು ಅವರು ಕೀಳಬಾರದು, ಕೂಗಿ ಕರೆಯಬೇಕು. ಇದು ಎಷ್ಟೋ ಮನೆಗಳಲ್ಲಿ ಹೇಳದೆಯೇ ನಡೆದುಬಂದಿರುವ ಕಟ್ಟಳೆ. ಹುತ್ತದ ಬಾಯಿಗಳಲ್ಲಿ ಹಾವು ಇರುವುದು ಸಾಮಾನ್ಯವಾದುದರಿಂದ ಈ ಕಟ್ಟಳೆಗೆ ಎರಡು ಪ್ರಯೋಜನಗಳು. ಹಿರಿಯಳಾದ ಅಜ್ಜಿಯೋ ಅತ್ತೆಯೋ ಬಂದು ಬಗ್ಗಿ ನೋಡಿ, ಸುತ್ತಣ ಮಣ್ಣನ್ನು ಕೋಲಿನಿಂದ ಕೆದಕಿ, ಕಾಲನ್ನು ಬೆರಳುಗಳಿಂದ ಹಿಡಿದು ತಿರುಚಿ ಎಬ್ಬಿಸುವಳು. ಎಷ್ಟೋ ಸಲ ಅವಳು ನೋಡಿ, "ಇದು ನಂಗೆ ಗೊತ್ತಿಲ್ಲ ಮಗಾ, ಬಿಟ್ಟುಬಿಡು" ಎಂದು ಹೇಳಿ ಮುಂದೆ ನಡೆಯುವುದೂ ಉಂಟು. ಅದು ವಿಷವೆಂದು ಅವಳು ಹೇಳಲಿಲ್ಲ, ತಿಳಿಯದೆಂದಳು ಅಷ್ಟೇ. ಈ ಒಂದು ಮಾತಿನಲ್ಲಿ ಅಡಗಿರುವ ಶಾಸ್ತ್ರವು ಯಾವ ಗ್ರಂಥದಲ್ಲಿರುವುದಕ್ಕಿಂತಲೂ ಕಡಿಮೆಯದಲ್ಲ. ಮಲೆನಾಡಿನ ಕಾಡಿನಲ್ಲಿ ಮಳೆಗಾಲದಲ್ಲಿ ನೂರಾರು ಜಾತಿಯ ಅಣಬೆಗಳು ಏಳುವುವು. ಒಂದು ಮನೆಯವರು ತಿನ್ನುವುದು ನಾಲ್ಕು ಅಥವಾ ಐದು ಜಾತಿಗಳನ್ನು ಮಾತ್ರ. ಮಿಕ್ಕವುಗಳಲ್ಲಿ ಒಳ್ಳೆಯವು ಅನೇಕ ಇರಬಹುದು. ಅವುಗಳನ್ನು ತಿನ್ನದೆ ಬಿಟ್ಟುದರಿಂದ ಯಾರಿಗೂ ಕೇಡಾಗಿಲ್ಲ.

ಕರಾವಳಿಯ ಕಡೆ ಹುಡುಕಾಟದ ರೀತಿಯೇ ಬೇರೆ. ಕಾರ್ಕಳ, ಬೆಳ್ತಂಗಡಿ ಮೊದಲಾದ ತಾಲ್ಲೂಕುಗಳಲ್ಲಿ ಮುಂಗಾರಿನ ಮೊದಲ ಗುಡುಗುಮಳೆಗೆ ಮುರಕಲ್ಲಿನ ನೆಲದಲ್ಲಿ ಕಲ್ಲಣಬೆ ಅಥವಾ ಕಲ್ಲಲಾಂಬು ಎಂಬುದು ಮೂಡುವುದು. ಇದಕ್ಕೆ ಕೊಡೆಯೂ ಇಲ್ಲ, ಕಾಲೂ ಇಲ್ಲ. ಗೋಲಿಯಷ್ಟು ದಪ್ಪದ ಗುಂಡು. ಇದಕ್ಕೆ ಗೆದ್ದಲಿನ ನಂಟಿಲ್ಲ, ಮರದ ನಂಟಿದೆ. ಕಿರಾಲುಬೋಗಿಯಂತಹ ಮರಗಳ ಎಳೆಯ ಬೇರುಗಳನ್ನು ಇದರ ನೂಲುಗಳು ಸುತ್ತಿಕೊಂಡು, ಮಣ್ಣಿನ ಸಾರವನ್ನು ಮರಕ್ಕೆ ಕೊಟ್ಟು, ಮರದಿಂದ ಸಕ್ಕರೆಯನ್ನು ಪಡೆಯುವುವು. ಮರವನ್ನು ಕಡಿದರೆ ಅಣಬೆಯೂ ಇಲ್ಲ. ಪೇಟೆಯಲ್ಲಿ ಇದಕ್ಕೆ ಕೋಳಿಮಾಂಸವನ್ನು ಮೀರಿದ ಬೆಲೆ ಬರುವುದರಿಂದ ಬಡವರ ಮನೆಗಳಲ್ಲಿ ಎರಡು ಮೂರು ವಾರಗಳ ಸಂಪಾದನೆಗೆ ಇದೇ ದಾರಿ. ಇದನ್ನು ಎಳೆಯದಾಗಿರುವಾಗಲೇ ತಿನ್ನಬೇಕು. ಗುಂಡನ್ನು ಎರಡಾಗಿ ಕತ್ತರಿಸಿದಾಗ ಒಳಗೆ ಹಾಲಿನಂತೆ ಬೆಳ್ಳಗಿದ್ದರೆ ಅಡಿಗೆಗೆ ಯೋಗ್ಯ, ಕಪ್ಪಾಗತೊಡಗಿದ್ದರೆ ಬಿಸಾಡತಕ್ಕದ್ದು. ಕತ್ತರಿಸಿ ನೋಡುವುದಕ್ಕೆ ಇನ್ನೊಂದು ದೊಡ್ಡ ಕಾರಣವಿದೆ. ವಿಷದ ಅಣಬೆಗಳಲ್ಲಿ ಅತಿ ಕ್ರೂರವಾದ ಅಮಾನಿಟ ವಂಶದವು ಬಾಲ್ಯದಲ್ಲಿ ಮೊಟ್ಟೆಯ ಆಕಾರದಲ್ಲಿಯೇ ನೆಲದಿಂದ ಏಳುವುವು. ಅವನ್ನು ಮೇಲಿಂದ ಕೆಳಕ್ಕೆ ಸೀಳಿದರೆ ಒಳಗೆ ಮಡಿಸಿಟ್ಟ ಕೊಡೆಯ ಮತ್ತು ಕಾಲಿನ ಗೆರೆಗಳು ಚಿತ್ರ ಬರೆದಂತೆ ಕಾಣುವುವು. ಅಂತಹ ಗೆರೆ ಕಂಡ ಗುಂಡನ್ನು ಅಲ್ಲಿಯೇ ಬಿಟ್ಟು ಕೈ ತೊಳೆಯಬೇಕು.

ವಿಷದ ಅಣಬೆ

ವಿಷದ ಅಣಬೆಯನ್ನು ಗುರುತಿಸುವುದಕ್ಕೆ ಜನರಲ್ಲಿ ಬಳಕೆಯಲ್ಲಿರುವ ಪರೀಕ್ಷೆಗಳು ಒಂದೆರಡಲ್ಲ. ಅಣಬೆ ಬೇಯುವಾಗ ಬೆಳ್ಳಿಯ ನಾಣ್ಯವನ್ನು ಹಾಕಿದರೆ ವಿಷವಿದ್ದರೆ ಅದು ಕಪ್ಪಾಗುವುದೆಂದು ಕೆಲವರು. ಬೆಳ್ಳುಳ್ಳಿ ಅಥವಾ ಅಕ್ಕಿ ಬಣ್ಣಗೆಡುವುದೆಂದು ಕೆಲವರು. ಹುಳು ಅಥವಾ ಬಸವನಹುಳು ತಿಂದುದು ಮನುಷ್ಯರಿಗೂ ಸಲ್ಲುವುದೆಂದು ಕೆಲವರು. ಕೊಡೆಯ ಸಿಪ್ಪೆ ಸುಲಿದು ಬಂದರೆ ಒಳ್ಳೆಯದೆಂದು ಕೆಲವರು. ಬಿಳಿಯದೆಲ್ಲ ಒಳ್ಳೆಯದೆಂದು ಮತ್ತೆ ಕೆಲವರು. ಇವುಗಳಲ್ಲಿ ಒಂದೂ ನಿಜವಲ್ಲ. ಯೂರೋಪಿನಲ್ಲಿ ಅಣಬೆಯಿಂದಾಗುವ ಸಾವುಗಳಲ್ಲಿ ಬಹುಪಾಲಿಗೆ ಕಾರಣವಾದ ಅಮಾನಿಟ ಫಲ್ಲಾಯ್ಡಿಸ್ ಎಂಬ ಅಣಬೆಯ ಸಿಪ್ಪೆ ಚೆನ್ನಾಗಿ ಸುಲಿಯುವುದು, ಬಸವನಹುಳುಗಳು ಅದನ್ನು ತಿನ್ನುವುವು, ಬೆಳ್ಳಿಯನ್ನು ಅದು ಕಪ್ಪುಮಾಡದು. ಅದನ್ನು ತಿಂದು ಬದುಕಿದವರು ಅದು ರುಚಿಯಾಗಿಯೇ ಇತ್ತೆಂದು ಹೇಳಿರುವರು. ಕುದಿಸಿದರೂ, ಒಣಗಿಸಿದರೂ, ಹುಳಿ ಹಿಂಡಿದರೂ ಅದರ ವಿಷ ನಾಶವಾಗದು. ಒಂದೇ ಅಣಬೆ ಒಬ್ಬ ಪ್ರಾಯಸ್ಥನನ್ನು ಕೊಲ್ಲುವುದಕ್ಕೆ ಸಾಕು.

ಈ ವಿಷದ ಅತ್ಯಂತ ಕೆಟ್ಟ ಗುಣವೆಂದರೆ ಅದರ ನಿಧಾನ. ತಿಂದು ಆರರಿಂದ ಹನ್ನೆರಡು ಘಂಟೆಗಳವರೆಗೆ, ಕೆಲವು ಸಲ ಮರುದಿನದವರೆಗೂ, ಏನೂ ಆಗುವುದಿಲ್ಲ. ಆಮೇಲೆ ತೀವ್ರವಾದ ವಾಂತಿಭೇದಿಗಳು ಮೊದಲಾಗುವುವು. ಎರಡನೆಯ ಅಥವಾ ಮೂರನೆಯ ದಿನ ಅವು ನಿಂತು ರೋಗಿಯು ಎದ್ದು ಕುಳಿತುಕೊಳ್ಳುವನು. ಮನೆಯವರು ಗಂಡಾಂತರ ಕಳೆಯಿತೆಂದು ತಿಳಿಯುವರು. ಆದರೆ ಅಷ್ಟರಲ್ಲಿ ವಿಷವು ಯಕೃತ್ತಿನ ಜೀವಕೋಶಗಳೊಳಗೆ ಹೊಕ್ಕು, ಅವು ತಮಗೆ ಬೇಕಾದ ಸಸಾರಜನಕ ಪದಾರ್ಥಗಳನ್ನು ತಯಾರಿಸಿಕೊಳ್ಳದಂತೆ ತಡೆದಿರುವುದು. ಕಾಮಾಲೆ ತೋರಿ, ಪ್ರಜ್ಞೆ ತಪ್ಪಿ, ಒಂದು ವಾರದ ಸುಮಾರಿಗೆ ಸಾವು ಬರುವುದುಂಟು. ೨೦೨೨ರ ಏಪ್ರಿಲ್ ತಿಂಗಳಿನಲ್ಲಿ ಅಸ್ಸಾಮಿನ ಮೇಲಣ ಜಿಲ್ಲೆಗಳಲ್ಲಿ ಕಾಡಣಬೆಯನ್ನು ತಿಂದು ದಿಬ್ರುಗಢದ ವೈದ್ಯಕೀಯ ಕಾಲೇಜಿನ ಆಸ್ಪತ್ರೆಗೆ ಸೇರಿದವರಲ್ಲಿ ೧೩ ಮಂದಿ ಮೃತರಾದರು. ಅವರಲ್ಲಿ ಹೆಚ್ಚಿನವರು ಚಹದ ತೋಟಗಳ ಕೆಲಸಗಾರರ ಮನೆಗಳವರು. ಚಿಕ್ಕ ಮಗುವೂ ಇತ್ತು.

ಅಣಬೆಯನ್ನು ಎಂದೂ ಕಾಣದವರು ಅದನ್ನು ತಿನ್ನುವುದಕ್ಕೆ ಹೋಗುವುದೇ ಅಪರೂಪ. ಮೋಸ ಹೋಗುವವರಲ್ಲಿ ಅಣಬೆ ತಿಂದು ಬಲ್ಲವರೂ ಬಹಳ ಮಂದಿ ಇರುವುದು ಗಮನಿಸತಕ್ಕ ಸಂಗತಿ. ೨೦೧೧ನೆಯ ಇಸವಿಯ ಕೊನೆಯ ರಾತ್ರಿ ಆಸ್ಟ್ರೇಲಿಯದ ಕ್ಯಾನ್‌ಬೆರಾ ನಗರದಲ್ಲಿ ಈ ಅಣಬೆಯ ಅಡಿಗೆಯನ್ನು ಉಂಡವರಲ್ಲಿ ಇಬ್ಬರು ಕೆಲವೇ ದಿನಗಳಲ್ಲಿ ತೀರಿಕೊಂಡರು. ಅವರಲ್ಲೊಬ್ಬನು ಅಡಿಗೆಯ ಕಸಬಿನಲ್ಲಿ ನುರಿತವನು. ಪೂರ್ವದೇಶಗಳಲ್ಲಿ ಎಲ್ಲರೂ ತಿನ್ನುವ ಹುಲ್ಲಣಬೆಯ ಮೊಗ್ಗೂ, ಈ ವಿಷದ ಅಣಬೆಯ ಮೊಗ್ಗೂ ಒಂದನ್ನೊಂದು ಬಹಳವಾಗಿ ಹೋಲುವುವು. ೨೦೧೫ರಲ್ಲಿ ಯುದ್ಧದಿಂದ ತಪ್ಪಿಸಿಕೊಂಡು ಜರ್ಮನಿಗೆ ಬಂದ ಸಿರಿಯಾದೇಶದ ಜನರು ಹೀಗೆಯೇ ತಪ್ಪು ಗುರುತಿನಿಂದ ಕಾಯಿಲೆಬಿದ್ದಾಗ ಹಾನೋವರ್ ನಗರದ ವೈದ್ಯರು ಹಲವು ಭಾಷೆಗಳಲ್ಲಿ ಎಚ್ಚರಿಕೆಯ ಪತ್ರಗಳನ್ನು ಹೊರಡಿಸಬೇಕಾಯಿತು. ಅವರೆಲ್ಲರಿಗೂ ತಮ್ಮ ನಾಡಿನ ಅಣಬೆಯು ಚೆನ್ನಾಗಿ ತಿಳಿದಿತ್ತು. ಆ ತಿಳಿವಳಿಕೆಯು ಆ ನೆಲಕ್ಕೆ ಸೇರಿದುದಾಗಿತ್ತು; ಹೊಸ ನೆಲದಲ್ಲಿ ಅದೇ ಮುಖದ ಬೇರೆ ಅಣಬೆ ಕಾದಿತ್ತು. ಮಲೆನಾಡಿನಿಂದ ಹೋಗಿ ಬೆಂಗಳೂರಿನಲ್ಲಿ ನೆಲಸಿರುವ ಸಂಸಾರದವರು ಮನೆಯೆದುರಿನ ಹುಲ್ಲುಹಾಸಿನಲ್ಲಿ ಎದ್ದ ದೊಡ್ಡ ಬಿಳಿಯ ಅಣಬೆಯನ್ನು ಊರಿನ ಹುತ್ತದ ಅಣಬೆಯೆಂದು ಭಾವಿಸುವುದೂ ಇದೇ ಬಗೆಯ ತಪ್ಪು. ಹುಲ್ಲುಹಾಸಿನದು ಬಹುಮಟ್ಟಿಗೆ ಕ್ಲೋರೊಫಿಲ್ಲಮ್ ಜಾತಿಯದಾಗಿರುವುದು. ಅದು ಕೊಲ್ಲುವುದು ಅಪೂರ್ವವಾದರೂ, ಒಂದೆರಡು ಘಂಟೆಗಳಲ್ಲಿಯೇ ವಾಂತಿಭೇದಿಗಳಿಂದ ಮನುಷ್ಯನನ್ನು ನೆಲಕ್ಕೆ ಕೆಡವುವುದು.

ಸೆಪ್ಟೆಂಬರ್ ಅಕ್ಟೋಬರ್ ತಿಂಗಳುಗಳಲ್ಲಿ ಪೋಲೆಂಡ್, ಚೆಕ್, ಫಿನ್ಲೆಂಡ್ ಮೊದಲಾದ ದೇಶಗಳಲ್ಲಿಯೂ ಜನರು ಮಕ್ಕಳುಮರಿಗಳೊಡನೆ ಬುಟ್ಟಿ ಹಿಡಿದು ಕಾಡಿಗೆ ಹೋಗುವರು; ಅಲ್ಲಿ ಅದು ಒಂದು ಹಬ್ಬದಂತೆಯೇ ಸರಿ. ಫ್ರಾನ್ಸಿನಲ್ಲಿ ಔಷಧದ ಅಂಗಡಿಯವರು ಅಣಬೆಯ ವಿದ್ಯೆಯನ್ನು ಕಲಿತಿರುವುದರಿಂದ ಬುಟ್ಟಿಯನ್ನು ಅವರಿಗೆ ತೋರಿಸುವ ಪದ್ಧತಿಯಿದೆ. ಸ್ವಿಟ್ಜರ್ಲೆಂಡಿನಲ್ಲಿ ಪುರಸಭೆಗಳೇ ಪರೀಕ್ಷೆಯಾದ ಅಣಬೆ ಪರೀಕ್ಷಕರನ್ನು ನೇಮಿಸಿರುವುದುಂಟು. ಅವರ ಸಂಘವು ೧೯೨೫ರಲ್ಲಿಯೇ ಸ್ಥಾಪಿತವಾಯಿತು. ಪರೀಕ್ಷಕನು ಬುಟ್ಟಿಯನ್ನು ಮೇಜಿನ ಮೇಲೆ ಸುರಿಸಿ, ಒಂದೊಂದನ್ನೂ ನೋಡಿ, ಸಂಶಯವಾದುದನ್ನು ಕಿತ್ತುಹಾಕುವನು. ನಮ್ಮಲ್ಲಿ ಅಂತಹ ಅಧಿಕಾರಿಯಿಲ್ಲ. ಆ ಕೆಲಸವನ್ನು ಸಂಬಳವಿಲ್ಲದೆ ಮಾಡುತ್ತ ಬಂದಿರುವವಳು ಮನೆಯ ಅಜ್ಜಿ. ಅವಳಿರುವಾಗಲೇ ಅವಳೊಡನೆ ಐದಾರು ಮಳೆಗಾಲ ಬೆಟ್ಟ ಹತ್ತಿ ಕಲಿತವರು ಮಾತ್ರ ಆ ಅಧಿಕಾರವನ್ನು ವಹಿಸಿಕೊಳ್ಳಬಲ್ಲರು. ಒಂದು ಸಲ ನೋಡಿದುದು ಸಾಲದು. ಮೊಗ್ಗಿನಲ್ಲಿ, ಅರಳಿದಾಗ, ಮಳೆಯಲ್ಲಿ ನೆನೆದಾಗ, ಬಿಸಿಲಿಗೆ ಬಾಡಿದಾಗ ಒಂದೇ ಅಣಬೆಯು ನಾಲ್ಕು ಮುಖಗಳನ್ನು ತೋರಿಸುವುದು. ಮೊಬೈಲ್ ಫೋನಿನಲ್ಲಿ ಚಿತ್ರ ಹಿಡಿದರೆ ಹೆಸರು ಹೇಳುವ ಉಪಾಯಗಳು ಈಗ ಬಂದಿವೆ. ನೋಡಿ ಸಂತೋಷಪಡುವುದಕ್ಕೆ ಅವು ಆಗಬಹುದು. ಉಣ್ಣುವುದಕ್ಕೆ ಅವುಗಳ ಮಾತನ್ನು ನಂಬಬಾರದು. ಬುಡದ ಚೀಲವನ್ನೂ, ಕಾಲಿನ ಒಳಮೈಯನ್ನೂ, ವಾಸನೆಯನ್ನೂ ಚಿತ್ರವು ತೋರಿಸಲಾರದು.

ಕಲಿಯುವವರಿಗೆ ಉಪಯುಕ್ತವಾದ ಎರಡು ಕ್ರಮಗಳುಂಟು. ಮೊದಲನೆಯದು, ಹೊಸದಾಗಿ ಕಂಡ ಅಣಬೆಯನ್ನು ಕಾಲು ಮುರಿದು ತೆಗೆಯದೆ, ಒಂದನ್ನಾದರೂ ಬುಡಸಹಿತ ಅಗೆದು ನೋಡುವುದು. ಅಮಾನಿಟ ವಂಶದ ಬಹಳ ಜಾತಿಗಳಲ್ಲಿ ಕಾಲಿನ ಬುಡವು ಒಂದು ಚೀಲದೊಳಗೆ ಇಟ್ಟಂತೆ ಇರುವುದು. ಮುರಿದು ತೆಗೆದವನ ಕೈಗೆ ಆ ಗುರುತು ಸಿಕ್ಕದೆ ಮಣ್ಣಿನಲ್ಲಿಯೇ ಉಳಿದುಹೋಗುವುದು. ಈ ವಂಶದ ಅನೇಕ ಜಾತಿಗಳು ಪಶ್ಚಿಮಘಟ್ಟಗಳಲ್ಲಿಯೂ ಬೆಳೆಯುವುವು. ಎರಡನೆಯದು ಮಕ್ಕಳಿಗೆ ಬಹಳ ಪ್ರಿಯವಾದುದು. ಅರಳಿದ ಕೊಡೆಯನ್ನು ಕಾಲಿನಿಂದ ಬಿಡಿಸಿ, ಪದರಗಳು ಕೆಳಗಾಗುವಂತೆ ಕಾಗದದ ಮೇಲಿಟ್ಟು, ಬಟ್ಟಲನ್ನು ಮುಚ್ಚಿ ರಾತ್ರಿಯೆಲ್ಲ ಬಿಟ್ಟರೆ, ಬೆಳಗಾಗುವುದರೊಳಗೆ ಬೀಜಾಣುಗಳು ಉದುರಿ ಕಾಗದದ ಮೇಲೆ ಚಕ್ರದ ಅರಗಳಂತಹ ಚಿತ್ರ ಮೂಡಿರುವುದು. ಹುತ್ತದ ಅಣಬೆಯದು ನಸುಗೆಂಪು, ಅಮಾನಿಟದ್ದು ಬಿಳಿ, ಹುಲ್ಲುಹಾಸಿನ ಕ್ಲೋರೊಫಿಲ್ಲಮಿನದು ಹಸುರು. ಬಿಳಿ ಅಥವಾ ಹಸುರು ಬಂದರೆ ಅದು ಹುತ್ತದ ಅಣಬೆಯಲ್ಲವೆಂದು ತಿಳಿಯಬಹುದು. ನಸುಗೆಂಪು ಬಂದಮಾತ್ರಕ್ಕೆ ತಿನ್ನಬಹುದೆಂದು ತಿಳಿಯಬಾರದು. ನಸುಗೆಂಪು ಬೀಜಾಣುಗಳುಳ್ಳ ವಿಷದ ಅಣಬೆಗಳೂ ಇವೆ.

ಅಣಬೆ ಉಂಡವರಿಗೆ ಕಾಯಿಲೆ ತೋರಿದರೆ ಮನೆಮದ್ದಿನಲ್ಲಿ ಹೊತ್ತು ಕಳೆಯದೆ ಜಿಲ್ಲೆಯ ದೊಡ್ಡ ಆಸ್ಪತ್ರೆಗೆ ಕರೆದುಕೊಂಡು ಹೋಗಬೇಕು. ಉಂಡ ಹೊತ್ತು, ಕಾಯಿಲೆ ತೋರಿದ ಹೊತ್ತು ಇವೆರಡನ್ನೂ ವೈದ್ಯರಿಗೆ ಸರಿಯಾಗಿ ತಿಳಿಸಬೇಕು. ಆರು ಘಂಟೆಗಳಾದ ಮೇಲೆ ಮೊದಲಾದ ವಾಂತಿಯನ್ನು ಅವರು ಬೇರೆಯಾಗಿಯೇ ಎಣಿಸುವರು. ಉಳಿದ ಅಣಬೆಯಿದ್ದರೆ ಕಾಗದದಲ್ಲಿ ಸುತ್ತಿ, ಅಡಿಗೆಯು ಉಳಿದಿದ್ದರೆ ಅದನ್ನೂ ಒಯ್ಯಬೇಕು. ಒಂದೇ ಪಾತ್ರೆಯಿಂದ ಉಂಡ ಎಲ್ಲರೂ, ಆರೋಗ್ಯವಾಗಿರುವವರು ಕೂಡ, ಪರೀಕ್ಷೆ ಮಾಡಿಸಿಕೊಳ್ಳಬೇಕು. ವಾಂತಿ ನಿಂತಿತೆಂದು ರೋಗಿಯನ್ನು ಮನೆಗೆ ಕರೆತರುವುದು ಅತ್ಯಂತ ಅಪಾಯಕರ. ಈ ವಿಷಕ್ಕೆ ಖಂಡಿತವಾದ ಪ್ರತಿವಿಷ ದೊರೆತಿಲ್ಲವಾದರೂ, ಬೇಗನೆ ಬಂದವರನ್ನು ಉಳಿಸುವುದಕ್ಕೆ ದೊಡ್ಡ ಆಸ್ಪತ್ರೆಗಳಲ್ಲಿ ಸಾಧನಗಳಿವೆ.

ಹುತ್ತದ ರಕ್ಷಣೆ, ಅಡಿಗೆ, ಬೇಸಾಯ

ಹುತ್ತದ ಅಣಬೆಯನ್ನು ಬಿತ್ತಿ ಬೆಳೆಯುವುದಕ್ಕೆ ಹಲವರು ಯತ್ನಿಸಿರುವರಾದರೂ ಗೆದ್ದಲಿನ ಸಹಾಯವಿಲ್ಲದೆ ಅದನ್ನು ಲಾಭಕರವಾಗಿ ಬೆಳೆಯುವ ಕ್ರಮ ಬಳಕೆಗೆ ಬಂದಿಲ್ಲ. ಆದುದರಿಂದ ಹುತ್ತವನ್ನು ಕಾಪಾಡಿಕೊಳ್ಳುವುದೊಂದೇ ಉಪಾಯ. ಅಣಬೆಯ ಆಸೆಗೆ ಹುತ್ತವನ್ನು ಅಗೆದರೆ ಹಲ್ಲೆ ಒಡೆದು ಮುಂದಿನ ವರ್ಷ ಏನೂ ಏಳದು. ಗೆದ್ದಲನ್ನು ಕೊಲ್ಲುವುದಕ್ಕಾಗಿ ಬೆಟ್ಟದ ಹುತ್ತಗಳಿಗೆಲ್ಲ ಕೀಟನಾಶಕವನ್ನು ಸುರಿಯುವುದು ಈಚೆಗೆ ಕೆಲವು ಕಡೆ ಕಂಡುಬರುತ್ತಿದೆ. ಮನೆಯ ತೊಲೆಗೂ ಎಳೆಯ ಸಸಿಗೂ ಗೆದ್ದಲು ಶತ್ರುವೆಂಬುದು ನಿಜ. ಬೆಟ್ಟದ ತರಗೆಲೆಯನ್ನು ಮಣ್ಣಾಗಿಸುವ ಗೆದ್ದಲಿನಿಂದ ತೋಟಕ್ಕೆ ಉಪಕಾರವೇ ಹೊರತು ಅಪಕಾರವಿಲ್ಲ. ಔಷಧ ಬಿದ್ದ ಹುತ್ತದಿಂದಾಗಲಿ, ಬೋರ್ಡೋ ದ್ರಾವಣ ಸುರಿದ ಮರಗಳ ಅಡಿಯಿಂದಾಗಲಿ, ಹೆದ್ದಾರಿಯ ಅಂಚಿನಿಂದಾಗಲಿ ಅಣಬೆಯನ್ನು ತರಬಾರದು. ಮಣ್ಣಿನಲ್ಲಿರುವ ತಾಮ್ರ, ಸೀಸ ಮೊದಲಾದುವನ್ನು ಅಣಬೆ ಹೀರಿಕೊಳ್ಳುವುದು. ರಕ್ಷಿತಾರಣ್ಯ, ಅಭಯಾರಣ್ಯಗಳೊಳಗೆ ಅರಣ್ಯ ಇಲಾಖೆಯ ಕಟ್ಟಳೆಗಳಿರುವುದನ್ನೂ ಮರೆಯಬಾರದು.

ಅಡಿಗೆಯ ವಿಚಾರದಲ್ಲಿ ಹೇಳಬೇಕಾದುದು ಸ್ವಲ್ಪ. ಹಸಿಯ ಅಣಬೆಯ ತೂಕದಲ್ಲಿ ನೂರಕ್ಕೆ ತೊಂಬತ್ತು ಪಾಲು ನೀರೇ ಆಗಿರುವುದು. ಆದುದರಿಂದ ಒಂದು ಬುಟ್ಟಿ ಅಣಬೆಯು ಬೆಂದ ಮೇಲೆ ಒಂದು ಬಟ್ಟಲಾಗುವುದನ್ನು ಕಂಡು ಹೊಸ ಸೊಸೆಯರು ಗಾಬರಿಯಾಗಬೇಕಾದುದಿಲ್ಲ. ಅದರ ಕೋಶಗಳ ಗೋಡೆಯು ಏಡಿಯ ಚಿಪ್ಪಿನಲ್ಲಿರುವ ಪದಾರ್ಥದಿಂದಲೇ ಆಗಿರುವುದರಿಂದ ಚೆನ್ನಾಗಿ ಬೇಯಿಸದೆ ತಿಂದರೆ ಅರಗುವುದು ಕಷ್ಟ. ತಂದ ದಿನವೇ ಅಡಿಗೆ ಮಾಡಬೇಕು. ಮಿಕ್ಕುದನ್ನು ಸೀಳಿ ಬಿಸಿಲಿನಲ್ಲಿ ಒಣಗಿಸಿ ಇಡಬಹುದು. ಬಿಸಿಲು ತಗಲಿದ ಅಣಬೆಯಲ್ಲಿ ಡಿ ಜೀವಸತ್ತ್ವವು ಹೆಚ್ಚುವುದು. ಮಲೆನಾಡಿನ ಸಾರಿಗೂ, ಕೊಡಗಿನಲ್ಲಿ ಅಕ್ಕಿರೊಟ್ಟಿಯೊಡನೆ ಬಡಿಸುವ ಕುಮ್ಮು ಕರಿಗೂ, ಕರಾವಳಿಯ ಗಸಿಗೂ ಮಸಾಲೆ ಬೇರೆ ಬೇರೆ. ಯಾವುದು ಮೇಲೆಂಬ ವಾದವು ಆಯಾ ಊರಿನವರಿಗೇ ಸೇರಿದುದು.

ಗುರುತು ಬಲ್ಲ ಹಿರಿಯರಿಲ್ಲದ ಮನೆಯವರು ಕಾಡಣಬೆಯ ಆಸೆಯನ್ನು ಬಿಟ್ಟು, ಮನೆಯಲ್ಲಿಯೇ ಅಣಬೆ ಬೆಳೆಯಬಹುದು. ಭತ್ತದ ಹುಲ್ಲಿನ ಮೇಲೆ ಅಣಬೆ ಬೆಳೆಯುವ ಪ್ರಯೋಗವು ೧೯೪೩ರಷ್ಟು ಹಿಂದೆಯೇ ಕೊಯಮತ್ತೂರಿನಲ್ಲಿ ನಡೆದಿತ್ತು. ಈಗ ಸುಲಭವಾದುದು ಚಿಪ್ಪಣಬೆ. ಅಚ್ಚ ಹೊಸ ಹುಲ್ಲನ್ನು ಎರಡು ಮೂರು ಅಂಗುಲ ಉದ್ದಕ್ಕೆ ಕತ್ತರಿಸಿ, ರಾತ್ರಿ ನೀರಿನಲ್ಲಿ ನೆನೆಯಿಟ್ಟು, ಬೆಳಗ್ಗೆ ಬಿಸಿನೀರಿನಲ್ಲಿ ಒಂದು ಘಂಟೆ ಬೇಯಿಸಿ, ಹಿಂಡಿದರೆ ಹನಿ ಬೀಳದಷ್ಟು ಆರಿಸಿ, ಪ್ಲಾಸ್ಟಿಕ್ ಚೀಲದಲ್ಲಿ ಒಂದು ಪದರ ಹುಲ್ಲು, ಒಂದು ಪದರ ಬಿತ್ತನೆಯಂತೆ ತುಂಬಿ, ಚೀಲಕ್ಕೆ ಅಲ್ಲಲ್ಲಿ ತೂತುಮಾಡಿ ಕತ್ತಲೆಯ ಕೋಣೆಯಲ್ಲಿ ತೂಗುಹಾಕಬೇಕು. ಹದಿನೈದು ಇಪ್ಪತ್ತು ದಿನಗಳಲ್ಲಿ ಬಿಳಿಯ ನೂಲು ಹುಲ್ಲನ್ನೆಲ್ಲ ಆವರಿಸುವುದು. ಆಗ ಚೀಲವನ್ನು ಸೀಳಿ ತೆಗೆದು, ಗಾಳಿ ಬೆಳಕು ಬರುವಂತೆ ಮಾಡಿ, ದಿನವೂ ನೀರು ಚಿಮುಕಿಸಿದರೆ ಸುಮಾರು ಒಂದು ವಾರದಲ್ಲಿ ಮೊದಲ ಫಸಲೂ, ಅನಂತರ ಎರಡು ಫಸಲೂ ಬರುವುವು. ಒಂದು ಕಿಲೋಗ್ರಾಂ ಒಣಹುಲ್ಲಿಗೆ ಅರ್ಧದಿಂದ ಒಂದು ಕಿಲೋಗ್ರಾಂ ಹಸಿ ಅಣಬೆಯನ್ನು ನಿರೀಕ್ಷಿಸಬಹುದು. ಚಿಪ್ಪಿನ ಅಂಚು ಮೇಲಕ್ಕೆ ಸುರುಳುವುದಕ್ಕೆ ಮೊದಲೇ ಕೀಳಬೇಕು. ತಡಮಾಡಿದರೆ ಬೀಜಾಣುಗಳು ಕೋಣೆಯಲ್ಲೆಲ್ಲ ಹಾರಾಡಿ ಕೆಲವರಿಗೆ ಕೆಮ್ಮು ಬರುವುದು. ಬಿತ್ತನೆಯು ಹೆಸರಘಟ್ಟದ ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆಯಲ್ಲಿ ದೊರೆಯುವುದು. ಫಸಲು ಮುಗಿದ ಮೇಲೆ ಉಳಿಯುವ ಹುಲ್ಲನ್ನು ಗೊಬ್ಬರದ ಗುಂಡಿಗೆ ಹಾಕಬಹುದು.